ಮೂರನೇ ಗಂಟೆಗೆ ಮುಂಚೆ: ನಾಟಕ ನೋಡುವವರಿಗೊಂದು ಕೈಪಿಡಿ

ಲೋಣಾವಳಾದಲ್ಲಿ ಮಳೆಗೆ ಬರವಿಲ್ಲ, ಚಿಕ್ಕಿಗೆ ಬರವಿಲ್ಲ, ಶನಿವಾರ ಬಂದರೆ ಮುಂಬೈ ಕಾರುಗಳಿಗಂತೂ ಬರವೇ ಇಲ್ಲ. ನಾಟಕಕ್ಕೆ ಮಾತ್ರ ರೈಲು ಹತ್ತಬೇಕು. ಪುಣೆ ಲೋಕಲ್‌ನಲ್ಲಿ ಚಿಂಚವಡಕ್ಕೆ ಇಳಿದರೆ ರಿಕ್ಷಾ ದಾರಿಯಲ್ಲಿ ರಾಮಕೃಷ್ಣ ಮೋರೆ ಪ್ರೇಕ್ಷಾಗೃಹ. ಶಿವಾಜಿನಗರದಲ್ಲಿ ಇಳಿದರೆ 1968ರಲ್ಲಿ ಬಾಗಿಲು ತೆರೆದ ಬಾಲಗಂಧರ್ವ ರಂಗಮಂದಿರ. ಇನ್ನೂ ಮುಂದೆ ಟಿಳಕ ಸ್ಮಾರಕ, ಭರತ ನಾಟ್ಯ ಮಂದಿರ, ಕೋಥರೂಡಿನ ಯಶವಂತರಾವ್ ಚವ್ಹಾಣ ನಾಟ್ಯಗೃಹ. ಕನ್ನಡದ ಕಾರ್ಯಕ್ರಮವೆಂದರೆ ಗಣೇಶನಗರದಲ್ಲಿ ಕನ್ನಡ ಸಂಘದ ಸಭಾಗೃಹವಿದೆ. ಲೋಣಾವಳಾದಿಂದ ಪುಣೆ ಸ್ಟೇಷನ್ನಿಗೆ ಸುಮಾರು 64 ಕಿಲೋಮೀಟರು, ಒಂದೂವರೆ ಗಂಟೆಯ ಹಾದಿ. ಅಷ್ಟು ದೂರ ಹೋಗಿ, ಟಿಕೇಟಿಗೆ ದುಡ್ಡು ಕೊಟ್ಟು, ನಾಯಕಿ ಅಳುವ ಹೊತ್ತಿಗೆ ಪಕ್ಕದ ಸೀಟಿನ ಜೇಬಿನಿಂದ ಆರತಿಯ ರಿಂಗ್‌ಟೋನು ಕೇಳಿ ಬರುವುದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಪ್ರೇಕ್ಷಕರ ಕಾಟದ ಬಗ್ಗೆ ಬರೆಯುವುದೆಂದರೆ ಬೈಯುವುದು ಸುಲಭ. ಆದರೆ ರಂಗಮಂದಿರದಲ್ಲಿ ಬೇಕೆಂದೇ ತೊಂದರೆ ಕೊಡುವವರು ಬಹಳ ಕಡಿಮೆ. ಬಹುಪಾಲು ಕಾಟ ಶುರುವಾಗುವುದು ಮನೆಯಲ್ಲಿ: ಯಾವ ರೈಲು ಹಿಡಿಯುವುದು, ಏನು ಉಟ್ಟು ಹೋಗುವುದು, ಚೀಲದಲ್ಲಿ ಏನಿಟ್ಟುಕೊಳ್ಳುವುದು, ಯಾರನ್ನು ಕರೆದೊಯ್ಯುವುದು ಎಂದು ತೀರ್ಮಾನಿಸುವಲ್ಲಿ. ನಾಟಕ ಶುರುವಾಯಿತೆಂದು ಮೂರನೇ ಗಂಟೆ ಬಾರಿಸುವ ಹೊತ್ತಿಗೆ ನೀವು ಒಳ್ಳೆಯ ಪ್ರೇಕ್ಷಕರೋ ಅಲ್ಲವೋ ಎಂಬುದು ಹೆಚ್ಚೂಕಡಿಮೆ ನಿರ್ಧಾರವಾಗಿಬಿಟ್ಟಿರುತ್ತದೆ. ಅದಕ್ಕೇ ಈ ಲೇಖನದ ಹೆಚ್ಚಿನ ಮಾತು ಸಭಾಗೃಹದ ಹೊರಗಿನದು.

ನಟರೇ ಕೈಮುಗಿದ ವರ್ಷ

2019 ಮರಾಠಿ ರಂಗಭೂಮಿಯ ತಾಳ್ಮೆ ಕೆಟ್ಟ ವರ್ಷ. ಆ ವರ್ಷದ ಮೇ ತಿಂಗಳಲ್ಲಿ ನಾಶಿಕದಲ್ಲಿ ನಟ ಸುಮೀತ್ ರಾಘವನ್ ‘ನಾಕ್ ನಾಕ್ ಸೆಲೆಬ್ರಿಟಿ’ ನಾಟಕದ ಪ್ರಯೋಗವನ್ನು ಮೊಬೈಲ್ ಸದ್ದಿಗೆ ಬೇಸತ್ತು ಅರ್ಧದಲ್ಲೇ ನಿಲ್ಲಿಸಿದರು. ಜುಲೈನಲ್ಲಿ ಪುಣೆಯವರೇ ಆದ ಸುಬೋಧ್ ಭಾವೆ, ಪ್ರಯೋಗದ ನಡುವೆ ಫೋನುಗಳು ಹೀಗೇ ರಿಂಗಾಗುತ್ತಿದ್ದರೆ ತಾನು ನಾಟಕದಲ್ಲಿ ನಟಿಸುವುದನ್ನೇ ಬಿಡುವುದು ಮೇಲು ಎಂದು ಫೇಸ್‌ಬುಕ್ಕಿನಲ್ಲಿ ಬರೆದರು. ಅದಕ್ಕೂ ಮುಂಚೆ ಹಿರಿಯ ನಟ ವಿಕ್ರಮ್ ಗೋಖಲೆಯವರೂ ಇದೇ ಕಾರಣಕ್ಕೆ ಪ್ರಯೋಗ ನಿಲ್ಲಿಸಿದ್ದುಂಟು.

ಭಾವೆಯವರ ಆ ನಾಟಕ ವಸಂತ ಕಾನೇಟಕರರ ‘ಅಶ್ರೂಂಚಿ ಝಾಲಿ ಫುಲೆ’. 1960ರ ದಶಕದಲ್ಲಿ ಇದೇ ನಾಟಕದ ಲಾಲ್ಯಾ ಪಾತ್ರದಲ್ಲಿ ಕಾಶೀನಾಥ ಘಾಣೇಕರ್ ರಂಗಕ್ಕೆ ಕಾಲಿಟ್ಟರೆ ಚಪ್ಪಾಳೆ, ಸಿಳ್ಳೆಗಳಿಗೆ ಲೆಕ್ಕವಿರುತ್ತಿರಲಿಲ್ಲ. ಸದ್ದು ಅಂದೂ ಇತ್ತು, ಇಂದೂ ಇದೆ. ಆದರೆ ಅಂದಿನ ಸಿಳ್ಳೆ ಘಾಣೇಕರರಿಗೆ ಸಲ್ಲುತ್ತಿತ್ತು. ಇಂದಿನ ರಿಂಗ್‌ಟೋನು ಸಲ್ಲುವುದು ಯಾವುದೋ ಸಾಲ ಕೊಡುವ ಕಂಪನಿಯ ಕರೆಗೆ. ನಟನಿಗೆ ನೋವಾಗುವುದು ಸದ್ದಿನಿಂದಲ್ಲ, ಆ ಸದ್ದಿನಲ್ಲಿ ತನ್ನ ನಾಟಕವೇ ಇಲ್ಲವೆಂಬುದರಿಂದ.

ರಂಗದ ಮೇಲಿಂದ ನಾವು ಕಾಣುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಕತ್ತಲೆಯಲ್ಲಿ ಕೂತವರು ಕಾಣರು ನಿಜ. ಆದರೆ ಕತ್ತಲೆಯಲ್ಲಿ ಕೂತು ವಾಟ್ಸಾಪ್ ತೆರೆದವರ ಮುಖ ಕಾಣುತ್ತದೆ: ಕೆಳಗಿನಿಂದ ಬೆಳಕು ಬಿದ್ದ ಗಲ್ಲ, ಮೂಗಿನ ತುದಿ, ಕನ್ನಡಕದಲ್ಲಿ ಎರಡು ನೀಲಿ ಚೌಕ. ನಟ ತನ್ನ ಎದುರುಪಾತ್ರದ ಭುಜದ ಮೇಲಿಂದ ಇದನ್ನೇ ನೋಡುತ್ತ ಮಾತು ಒಪ್ಪಿಸಬೇಕು. ಮೊದಲ ನಾಲ್ಕೈದು ಸಾಲಿನವರು ಆಕಳಿಸಿದ್ದೂ ಅವನಿಗೆ ಗೊತ್ತಾಗುತ್ತದೆ. ಸಿನಿಮಾ ಪರದೆಗೆ ಕಣ್ಣಿಲ್ಲ, ಇಲ್ಲಿ ಇದೆ.

ಭರತನಿಗೂ ತಪ್ಪದ ಕಾಟ

ಇದೆಲ್ಲ ಮೊಬೈಲ್ ಬಂದ ಮೇಲಿನ ಪಿಡುಗು ಎನ್ನುವವರು ಭರತನ ನಾಟ್ಯಶಾಸ್ತ್ರದ 27ನೇ ಅಧ್ಯಾಯ ನೋಡಬೇಕು. ಪ್ರಯೋಗ ಸಿದ್ಧಿಸುವುದು ಹೇಗೆ, ಕೆಡುವುದು ಹೇಗೆ ಎಂಬುದೇ ಅದರ ವಿಷಯ. ಕೆಡಿಸುವ ಬಾಬತ್ತುಗಳ ಪಟ್ಟಿಯಲ್ಲಿ ಎದುರಾಳಿಗಳು ಮಾಡುವ ಕಿತಾಪತಿಗೆ ಪ್ರತ್ಯೇಕ ಜಾಗವಿದೆ. ಅತಿಯಾಗಿ ನಗುವುದು, ಅಳುವುದು, ಕೂಗು ಹಾಕುವುದು, ರಂಗದ ಮೇಲೆ ಸಗಣಿ, ಮಣ್ಣಿನ ಹೆಂಟೆ ಎಸೆಯುವುದು, ಕೊನೆಗೆ ಇರುವೆ ತಂದು ಬಿಡುವುದು! ಇರುವೆಯವರೆಗೂ ಯೋಚಿಸಿದವರು ನಿಜಕ್ಕೂ ರಂಗಭೂಮಿಯ ಒಳಗಿನವರೇ ಇರಬೇಕು.

ಅದೇ ಅಧ್ಯಾಯ ಒಳ್ಳೆಯ ಪ್ರತಿಕ್ರಿಯೆಯನ್ನೂ ಹೇಳುತ್ತದೆ. ಮುಗುಳ್ನಗೆ, ಜೋರು ನಗೆ, ‘ಭಲೆ’ ಎನ್ನುವುದು, ಅಯ್ಯೋ ಎನ್ನುವುದು, ರೋಮಾಂಚನಗೊಳ್ಳುವುದು, ಎದ್ದು ನಿಲ್ಲುವುದು, ಬಟ್ಟೆ–ಉಂಗುರ ಕೊಡುವುದು ಎಲ್ಲವೂ ಸಿದ್ಧಿಯ ಲಕ್ಷಣ. ಬೊಂಬೆಯಂತೆ ಕೂತಿರಿ ಎಂದು ಭರತ ಎಲ್ಲಿಯೂ ಹೇಳಲಿಲ್ಲ. ಒಬ್ಬನೇ ಪ್ರೇಕ್ಷಕನಲ್ಲಿ ಎಲ್ಲ ಗುಣ ಇರಲಾರವು, ವಯಸ್ಸು–ಅಭಿರುಚಿಗೆ ತಕ್ಕಂತೆ ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ ಎಂಬ ರಿಯಾಯಿತಿಯೂ ಅಲ್ಲಿದೆ. ಶ್ರೀರಂಗರು ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದಿದ್ದಾರೆ, ಕೈಗೆ ಸಿಕ್ಕರೆ ಈ ಅಧ್ಯಾಯವನ್ನಾದರೂ ಓದಿ.

ಹಾಗಾಗಿ ಶಿಷ್ಟಾಚಾರ ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಬಯಲಾಟದಲ್ಲಿ ಚಾಪೆ ಹಾಸಿ ಮಲಗಿ, ನಡುವೆ ಎದ್ದು ಚಹಾ ಕುಡಿದು ಬಂದು, ಹಾಸ್ಯಗಾರ ಬಂದಾಗ ಮತ್ತೆ ಎದ್ದು ಕೂತರೆ ಯಾರೂ ಮುಖ ಗಂಟಿಕ್ಕುವುದಿಲ್ಲ, ಬೆಳಗಿನವರೆಗಿನ ಆಟದ ಗತಿಯೇ ಅದಕ್ಕೆ ಒಗ್ಗಿದೆ. ಕಂಪನಿ ನಾಟಕದಲ್ಲಿ ಹಾಡು ಮೆಚ್ಚಿ ‘ವನ್ಸ್ ಮೋರ್’ ಎಂದರೆ ನಟನಿಗೆ ಅದೇ ಬಹುಮಾನ. ಉತ್ತರ ಕರ್ನಾಟಕದ ಹಳ್ಳಿಯ ನಾಟಕದಲ್ಲಿ ದೃಶ್ಯದ ನಡುವೆಯೇ ನೋಟು ಕೊಟ್ಟು ಹೆಸರು ಕೂಗಿಸುತ್ತಾರೆ. ಇವು ಅಲ್ಲಿಯ ರೀತಿ. ಅದೇ ರೀತಿಯನ್ನು ಇಬ್ಬರೇ ಪಾತ್ರಧಾರಿಗಳು ಪಿಸುದನಿಯಲ್ಲಿ ಮಾತಾಡುವ ನಾಟಕಕ್ಕೆ ಹೊತ್ತು ತಂದಾಗ ಕೆಡುತ್ತದೆ. ಇಂದಿನ ಮರಾಠಿ ನಾಟಕದ ಬೇರಿನಲ್ಲೂ ಬಯಲಾಟ ಇದೆ ಎಂಬುದು ನೆನಪಿರಲಿ. ಸಾಂಗ್ಲಿಯಲ್ಲಿ ಕನ್ನಡ ನಾಡಿನಿಂದ ಬಂದ ಯಕ್ಷಗಾನದ ತಂಡದ ಆಟ ನೋಡಿದ ಮೇಲೆಯೇ ಅಲ್ಲಿನ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದ್ದು. ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಪುಣೆಯ ಸಭಾಗೃಹದಲ್ಲಿ ಕನ್ನಡಿಗ ಅತಿಥಿ ಎನ್ನಿಸಿಕೊಳ್ಳಬೇಕಾಗಿಲ್ಲ. ಮನೆಯವನಾದ ಮೇಲೆ ಮನೆಯ ನಿಯಮವೂ ಅನ್ವಯಿಸುತ್ತದೆ.

ಯಾವ ಆಟ, ಯಾವ ರೈಲು

ಲೋಣಾವಳಾದವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಲಹೆ ಇದು. ಪುಣೆ, ಚಿಂಚವಡದ ವೃತ್ತಿಪರ ಮರಾಠಿ ನಾಟಕಗಳು ಸಾಮಾನ್ಯವಾಗಿ ಮೂರು ಹೊತ್ತಿಗೆ: ಮಧ್ಯಾಹ್ನ ಹನ್ನೆರಡೂವರೆ, ಸಂಜೆ ಐದು–ಐದೂವರೆ, ರಾತ್ರಿ ಒಂಬತ್ತು–ಒಂಬತ್ತೂವರೆ. ಎರಡಂಕ, ಮಧ್ಯಂತರ ಸೇರಿ ಎರಡೂವರೆ ಗಂಟೆ ಹಿಡಿಯುವ ನಾಟಕಗಳೇ ಹೆಚ್ಚು. ರಾತ್ರಿಯ ಆಟಕ್ಕೆ ಹೋದರೆ ಲೋಕಲ್ ಹಿಡಿಯಲು ಕೊನೆಯ ದೃಶ್ಯ ಬಿಟ್ಟು ಏಳಲೇಬೇಕು. ಹಾಗೆ ಎದ್ದವರು ಒಬ್ಬರೇ ಏಳುವುದಿಲ್ಲ. ಸಾಲಿನಲ್ಲಿ ಹತ್ತು ಜನ ಮೊಣಕಾಲು ಮಡಚಬೇಕು, ಹಿಂದಿನವರು ಕತ್ತು ಹೊರಳಿಸಬೇಕು, ಬಾಗಿಲು ತೆರೆದಾಗ ಹೊರಗಿನ ಬೆಳಕು ನೇರ ರಂಗಕ್ಕೆ ಬೀಳಬೇಕು. ನಾಟಕಕಾರ ಎರಡು ಗಂಟೆ ಕಟ್ಟಿ ತಂದದ್ದು ಬಿಚ್ಚುವ ಕ್ಷಣವೇ ಅದು.

ಆದ್ದರಿಂದ ಸಂಜೆಯ ಆಟ ಆರಿಸಿ. ಎಂಟರ ಹೊತ್ತಿಗೆ ಮುಗಿಯುತ್ತದೆ, ನಿಶ್ಚಿಂತೆಯಿಂದ ರೈಲು ಸಿಗುತ್ತದೆ. ಮಧ್ಯಾಹ್ನದ ಹೊತ್ತು ಲೋಕಲ್‌ಗಳು ವಿರಳ. ಹನ್ನೆರಡೂವರೆಯ ಆಟಕ್ಕಾದರೆ ಬೆಳಗ್ಗೆಯೇ ಹೊರಟು ಪುಣೆಯಲ್ಲಿ ಬೇರೆ ಕೆಲಸ ಮುಗಿಸಿಕೊಳ್ಳಿ. ಹೊರಡುವ ಮುಂಚೆ ಆ ದಿನದ ವೇಳಾಪಟ್ಟಿ ನೋಡಿ, ಭಾನುವಾರ ಹಳಿ ದುರಸ್ತಿಯೆಂದು ರೈಲು ರದ್ದಾಗುವುದುಂಟು. ರಾತ್ರಿಯ ಆಟವೇ ಆಗಬೇಕೆಂದರೆ ಪುಣೆಯಲ್ಲಿ ನೆಂಟರ ಮನೆ, ಇಲ್ಲವೇ ಕಾರು. ಅದೂ ಆಗದಿದ್ದರೆ ಬಾಗಿಲ ಪಕ್ಕದ ಸೀಟು ಕೇಳಿ ತೆಗೆದುಕೊಳ್ಳಿ, ಎದ್ದು ಹೋಗುವುದಿದ್ದರೆ ದೃಶ್ಯ ಬದಲಾಗುವ ಕತ್ತಲೆಯಲ್ಲಿ ಏಳಿ.

ತಡವಾಗಿ ಬರುವವರ ಕಾಟ ಹೋಗುವವರದಕ್ಕಿಂತ ಹೆಚ್ಚು. ಟಾರ್ಚು ಹಿಡಿದು ಸೀಟಿನ ನಂಬರು ಹುಡುಕುತ್ತ, ‘ಎಫ್ ಹನ್ನೆರಡು, ಹದಿಮೂರು’ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತ ಬರುವ ಕುಟುಂಬ ಮೊದಲ ಹತ್ತು ನಿಮಿಷದ ನಾಟಕವನ್ನು ನುಂಗಿಹಾಕುತ್ತದೆ. ಪಾತ್ರಗಳ ಸಂಬಂಧ, ಊರು, ಕಾಲ ಎಲ್ಲ ತಿಳಿಯುವುದು ಆ ಹತ್ತು ನಿಮಿಷದಲ್ಲೇ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಅರುಂಧತಿ ನಾಗ್ ಅವರು ಶಂಕರ್‌ನಾಗ್ ನೆನಪಿನಲ್ಲಿ 2004ರಲ್ಲಿ ಶುರು ಮಾಡಿದ ರಂಗಶಂಕರ ಇದಕ್ಕೆ ನಿಷ್ಠುರ ಮದ್ದು ಹುಡುಕಿತು: ಹೊತ್ತಾದರೆ ಬಾಗಿಲು ಮುಚ್ಚಿತು, ತಡವಾದವರಿಗೆ ಪ್ರವೇಶವಿಲ್ಲ. ಮೊದಮೊದಲು ಜಗಳಗಳಾದವು, ಈಗ ಬೆಂಗಳೂರಿನವರು ಟ್ರಾಫಿಕ್ಕಿಗೆ ಹೆದರಿ ಒಂದು ಗಂಟೆ ಮೊದಲೇ ಬಂದು ಕೆಳಗಿನ ಕೆಫೆಯಲ್ಲಿ ಅಕ್ಕಿರೊಟ್ಟಿ ತಿನ್ನುತ್ತ ಕೂರುತ್ತಾರೆ. ನಿಯಮ ಗಟ್ಟಿಯಾಗಿದ್ದರೆ ಜನ ಕಲಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮಲ್ಲಿಲ್ಲ. ಪುಣೆಯಲ್ಲಿ ಬಾಗಿಲು ಅಷ್ಟು ಬಿಗಿಯಿಲ್ಲ. ಆದ್ದರಿಂದ ಬಿಗಿ ನಮ್ಮಲ್ಲೇ ಇರಬೇಕು. ಆಟದ ಅರ್ಧ ಗಂಟೆ ಮುಂಚೆ ಅಂಗಳದಲ್ಲಿರುವಂತೆ ರೈಲು ಹಿಡಿಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಮಾತು. ನಮ್ಮೂರ ಮಳೆಯಲ್ಲಿ ಹೊರಟವರು ರೇನ್‌ಕೋಟು ಹಾಕಿಯೇ ಒಳಗೆ ಬಂದು ಕೂತು, ನಂತರ ಒಂದೊಂದೇ ಗುಂಡಿ ಬಿಚ್ಚುತ್ತಾರೆ. ಆ ಪ್ಲಾಸ್ಟಿಕ್ಕಿನ ಚರಚರ ಸದ್ದು ಹಿಂದಿನ ಸಾಲಿಗೂ ಕೇಳುತ್ತದೆ. ಅಂಗಳದಲ್ಲೇ ಕಳಚಿ, ಕೊಡವಿ, ಬಟ್ಟೆಯ ಚೀಲದಲ್ಲಿ ತುರುಕಿ ಒಳಬನ್ನಿ. ಕೊಡೆ ಸೀಟಿನ ಕೆಳಗೆ ಉದ್ದಕ್ಕೆ ಮಲಗಿರಲಿ. ಕುರ್ಚಿಗೆ ಒರಗಿಸಿ ನಿಲ್ಲಿಸಿದ ಕೊಡೆ ಜಾರಿ ಬೀಳಲು ಯಾವಾಗಲೂ ಅತ್ಯಂತ ಗಂಭೀರ ದೃಶ್ಯವನ್ನೇ ಆರಿಸಿಕೊಳ್ಳುತ್ತದೆ.

‘ಸೈಲೆಂಟ್ ಮಾಡಿದ್ದೇನೆ’ ಎಂಬ ಸುಳ್ಳು ಸಮಾಧಾನ

ಫೋನಿನ ವಿಷಯದಲ್ಲಿ ಜನ ಮೋಸ ಹೋಗುವುದು ಇಲ್ಲೇ. ಸೈಲೆಂಟ್ ಮಾಡಿದರೂ ಅಲಾರಂ ಹೊಡೆಯುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದರೂ ಹೊಡೆಯುತ್ತದೆ. ಸಂಜೆ ಏಳಕ್ಕೆ ಮಾತ್ರೆ ನುಂಗಲು ಅಲಾರಂ ಇಟ್ಟುಕೊಂಡ ಹಿರಿಯರು ಪ್ರತಿ ಸಭಾಗೃಹದಲ್ಲೂ ಒಬ್ಬರಾದರೂ ಇರುತ್ತಾರೆ. ‘ಡು ನಾಟ್ ಡಿಸ್ಟರ್ಬ್’ ಇಟ್ಟರೆ ಸಾಕು ಎನ್ನುವವರಿಗೂ ಒಂದು ಎಚ್ಚರಿಕೆ: ಹಲವು ಫೋನುಗಳಲ್ಲಿ ಒಬ್ಬರೇ ಕೆಲವು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಅದನ್ನು ತುರ್ತು ಎಂದು ತಿಳಿದು ಸದ್ದು ಮಾಡಬಲ್ಲ ವ್ಯವಸ್ಥೆ ಇದೆ. ನಮ್ಮ ಕಡೆಯವರು ಮೊದಲ ಸಲ ಎತ್ತದಿದ್ದರೆ ತಕ್ಷಣ ಮತ್ತೊಮ್ಮೆ ಮಾಡದೇ ಇರುತ್ತಾರೆಯೇ? ಇನ್ನು ವೈಬ್ರೇಷನ್. ಕುರ್ಚಿಯ ಕೈಗೋ ಚೀಲದೊಳಗಿನ ಚಾವಿಗೊಂಚಲಿಗೋ ತಾಗಿದರೆ ಅದರ ಗುರ್ರೆನ್ನುವ ಸದ್ದು ರಿಂಗ್‌ಟೋನಿಗೆ ಏನೂ ಕಡಿಮೆಯಿಲ್ಲ.

ದಾರಿ ಒಂದೇ, ಪೂರ್ತಿ ಆಫ್ ಮಾಡುವುದು. ಅಂಗಳದಲ್ಲಿರುವಾಗಲೇ ಮನೆಗೆ ಒಂದು ಫೋನ್ ಮಾಡಿ, ‘ಎಂಟರವರೆಗೆ ಸಿಗುವುದಿಲ್ಲ, ನಾಟಕದಲ್ಲಿದ್ದೇನೆ’ ಎಂದು ಹೇಳಿಬಿಡಿ, ಆಮೇಲೆ ಗುಂಡಿ ಒತ್ತಿ ಹಿಡಿಯಿರಿ. ಮಧ್ಯಂತರದಲ್ಲಿ ಆನ್ ಮಾಡಿದವರು ಎರಡನೇ ಅಂಕಕ್ಕೆ ಮತ್ತೆ ಆಫ್ ಮಾಡುವುದನ್ನು ಮರೆಯುತ್ತಾರೆ. ಎಷ್ಟೋ ಸಲ ಫೋನು ರಿಂಗಾಗುವುದು ಎರಡನೇ ಅಂಕದಲ್ಲೇ. ಕೈಗೆ ಕಟ್ಟಿದ ಸ್ಮಾರ್ಟ್‌ವಾಚ್ ಇನ್ನೊಂದು ಪೀಡೆ. ಕೈ ಎತ್ತಿ ಮೂಗು ಕೆರೆದರೂ ಬೆಳಕು ಹೊತ್ತಿಕೊಳ್ಳುತ್ತದೆ. ಅದರಲ್ಲಿ ಥಿಯೇಟರ್ ಮೋಡ್ ಇದ್ದರೆ ಹಾಕಿ, ಇಲ್ಲವಾದರೆ ಬಿಚ್ಚಿ ಚೀಲಕ್ಕೆ ಹಾಕಿ.

ಡಾಕ್ಟರು, ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವರು, ಹಡಗಿನಲ್ಲಿ ಕೆಲಸ ಮಾಡುವವರ ಮನೆಯವರು, ಇವರಿಗೆ ಫೋನು ಬೇಕೇ ಬೇಕು. ಅವರು ಸಾಲಿನ ತುದಿಯ ಸೀಟು ಹಿಡಿದು, ಫೋನನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ನಡುಗಿದರೆ ಪರದೆ ನೋಡದೆ ನೇರ ಹೊರಗೆ ಹೋಗಲಿ. ಇದೇ ಕಾರಣಕ್ಕೆ ನನಗೆ ಜಾಮರ್ ಒಪ್ಪಿಗೆಯಾಗದು. 2019ರಲ್ಲಿ ಮುಂಬೈಯ ಪಾಲಿಕೆಯ ನಾಟ್ಯಗೃಹಗಳಿಗೆ ಜಾಮರ್ ಹಾಕಬೇಕೆಂಬ ಬೇಡಿಕೆ ಎದ್ದಿತ್ತು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಜಾಮರ್ ಬಳಸುವಂತಿಲ್ಲ. ಹೃದಯಾಘಾತವಾದವರಿಗೆ ಆಂಬುಲೆನ್ಸ್ ಕರೆಯಲೂ ಆಗದ ಸಭಾಗೃಹ ಯಾರಿಗೆ ಬೇಕು? ನ್ಯೂಯಾರ್ಕ್ ನಗರ 2003ರಲ್ಲೇ ಪ್ರದರ್ಶನದ ನಡುವೆ ಮೊಬೈಲ್ ಬಳಸಿದರೆ 50 ಡಾಲರ್ ದಂಡವೆಂದು ಕಾಯ್ದೆ ಮಾಡಿತು. ಆದರೂ 2015ರಲ್ಲಿ ಅದೇ ಊರಿನ ಒಂದು ರಂಗಮಂದಿರದಲ್ಲಿ ನಟಿ ಪ್ಯಾಟಿ ಲುಪೋನ್ ಪ್ರೇಕ್ಷಕಿಯ ಕೈಯಿಂದ ಫೋನನ್ನೇ ಕಿತ್ತುಕೊಂಡು ಹೋಗಬೇಕಾಯಿತು. ಅದೇ ವರ್ಷ, ಅದೇ ಊರಲ್ಲಿ, ‘ಹ್ಯಾಂಡ್ ಟು ಗಾಡ್’ ನಾಟಕ ಶುರುವಾಗುವ ಮುಂಚೆ ಒಬ್ಬ ಹುಡುಗ ರಂಗವನ್ನೇ ಹತ್ತಿ ಸೆಟ್ಟಿನ ಗೋಡೆಯಲ್ಲಿದ್ದ ಪ್ಲಗ್ಗಿಗೆ ತನ್ನ ಚಾರ್ಜರ್ ಚುಚ್ಚಿದ. ಪ್ಲಗ್ಗು ಸೆಟ್ಟಿನದು, ಕರೆಂಟೇ ಇರಲಿಲ್ಲ!

ಫೋಟೊ, ವಿಡಿಯೊ ಬೇರೆ ವಿಷಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ (38ನೇ ಕಲಮು ಮತ್ತು ಅದರ ಮುಂದಿನವು). ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿ ಹಂಚುವುದು ಅಸಭ್ಯತೆಯಷ್ಟೇ ಅಲ್ಲ, ಕಾನೂನಿನ ತಂಟೆಯೂ ಹೌದು.

ಚಿಕ್ಕಿ, ವಡೆ, ಕೆಮ್ಮು

ನಮ್ಮೂರ ಹೆಮ್ಮೆಯ ಬಗ್ಗೆ ಕೆಟ್ಟದ್ದು ಹೇಳಬಾರದು. ಆದರೆ ಸಭಾಗೃಹದೊಳಗೆ ಲೋಣಾವಳಾ ಚಿಕ್ಕಿಯಷ್ಟು ಅಪಾಯದ ತಿನಿಸು ಇನ್ನೊಂದಿಲ್ಲ. ಮೊದಲಿಗೆ ಪ್ಲಾಸ್ಟಿಕ್ ಹೊದಿಕೆ. ನಿಧಾನವಾಗಿ ಬಿಚ್ಚಿದರೆ ಸದ್ದಾಗುವುದಿಲ್ಲ ಎಂದು ಎಲ್ಲರ ನಂಬಿಕೆ. ಎರಡು ಬೆರಳಲ್ಲಿ ಅಂಚು ಹಿಡಿದು, ಉಸಿರು ಬಿಗಿಹಿಡಿದು, ಅರ್ಧ ಅಂಗುಲ ಎಳೆದು, ನಿಲ್ಲಿಸಿ, ಸುತ್ತ ನೋಡಿ, ಮತ್ತೆ ಅರ್ಧ ಅಂಗುಲ. ಎರಡು ಸೆಕೆಂಡಿನಲ್ಲಿ ಮುಗಿಯಬೇಕಾದ ಹಿಂಸೆ ಎರಡು ನಿಮಿಷಕ್ಕೆ ಹಿಗ್ಗುತ್ತದೆ. ಆಮೇಲೆ ಶೇಂಗಾ–ಬೆಲ್ಲ ಹಲ್ಲಿನ ನಡುವೆ ಮುರಿಯುವ ಕಟಕಟ. ಊರಿಗೆ ಬಂದ ನೆಂಟರಿಗೆ ಕೊಡಲೆಂದು ತಂದ ಡಬ್ಬ ಇದ್ದರೆ ಚೀಲದ ತಳಕ್ಕೆ ಹೋಗಲಿ, ಮೇಲೆ ಶಾಲು ಇರಲಿ.

ಮಧ್ಯಂತರದ ಬಟಾಟೆ ವಡೆಯನ್ನು ಬಿಡಿ ಎಂದು ಯಾರೂ ಹೇಳಲಾರರು, ಮರಾಠಿ ನಾಟಕದ ಅರ್ಧ ರುಚಿ ಅದರಲ್ಲಿದೆ. ಕ್ಯೂ ಉದ್ದವಿದ್ದರೆ ಇಬ್ಬರಲ್ಲಿ ಒಬ್ಬರು ನಿಲ್ಲಿ, ಗಂಟೆಯಾದಾಗ ಕೈಯಲ್ಲಿದ್ದದ್ದನ್ನು ಹೊರಗೇ ಮುಗಿಸಿ. ಕರಿದ ಮೆಣಸಿನಕಾಯಿಯ ವಾಸನೆ ಹತ್ತು ಸಾಲಿಗೆ ಹರಡುತ್ತದೆ, ಹಸಿದ ನಟನಿಗೂ ಬಡಿಯುತ್ತದೆ.

ಕೆಮ್ಮಿಗೆ ಕ್ಷಮೆಯಿದೆ, ಯಾರೂ ಬೇಕೆಂದು ಕೆಮ್ಮುವುದಿಲ್ಲ. ಕಲ್ಲುಸಕ್ಕರೆಯನ್ನೋ ಹೊದಿಕೆ ಬಿಚ್ಚಿದ ಗುಳಿಗೆಯನ್ನೋ ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಡಿ. ಒಂದೇ ಸಮನೆ ಬಂದರೆ ಎದ್ದು ಹೋಗಿ ನೀರು ಕುಡಿದು ಬನ್ನಿ, ಹಿಂಬದಿಯಲ್ಲಿ ನಿಂತೇ ಆ ದೃಶ್ಯ ನೋಡಿ. ಕಿವಿಯ ಯಂತ್ರ ಹಾಕಿಕೊಳ್ಳುವವರಿಗೆ ಅದು ಸಡಿಲವಾದಾಗ ಹೊರಡಿಸುವ ಸಣ್ಣ ಶಿಳ್ಳೆ ತಮಗೇ ಕೇಳದಿರಬಹುದು. ಪಕ್ಕದವರು ಮೆಲ್ಲನೆ ಮುಟ್ಟಿ ತಿಳಿಸಿದರೆ ಬೇಸರಿಸಬೇಡಿ.

ಅತ್ತೆಗೆ ಮರಾಠಿ ಬಾರದಿದ್ದರೆ

ಇದು ಹೊರನಾಡ ಕನ್ನಡಿಗರದೇ ಆದ ತೊಂದರೆ. ಕುಂದಾಪುರದಿಂದಲೋ ಹಾವೇರಿಯಿಂದಲೋ ಅತ್ತೆ ಬಂದಿರುತ್ತಾರೆ, ಮರಾಠಿ ಬಾರದು. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಕರೆದುಕೊಂಡು ಹೋಗುತ್ತೀರಿ. ‘ಅವ ಏನಂದ?’ ಎನ್ನುತ್ತಾರೆ ಅತ್ತೆ. ಅಳಿಯ ಹೇಳುತ್ತಾನೆ. ಅಷ್ಟರಲ್ಲಿ ರಂಗದ ಮೇಲೆ ನಾಯಕಿ ಉತ್ತರ ಕೊಟ್ಟಾಗಿದೆ. ‘ಅವಳು ಏನಂದಳು?’ ಎರಡಂಕ ಪೂರ್ತಿ ಕನ್ನಡದಲ್ಲಿ ಸಮಾನಾಂತರ ಪ್ರಯೋಗ ನಡೆಯುತ್ತದೆ, ಮುಂದಿನ ಸಾಲಿನವರಿಗೆ ಎರಡೂ ಕೇಳುತ್ತವೆ. ಪಿಸುಮಾತು ಎಂದು ನಾವು ಅಂದುಕೊಂಡದ್ದು ಪಿಸುಮಾತಾಗಿರುವುದಿಲ್ಲ. ಅತ್ತೆಯ ಕಿವಿಗೆ ಮುಟ್ಟುವಷ್ಟು ಇದ್ದರೆ ಮುಂದಿನವರಿಗೂ ಮುಟ್ಟುತ್ತದೆ.

ಪರಿಹಾರ ಬಹಳ ಸುಲಭ: ರೈಲಿನಲ್ಲಿ ಕಥೆ ಹೇಳಿ ಮುಗಿಸಿ. ಲೋಣಾವಳಾದಿಂದ ಶಿವಾಜಿನಗರದವರೆಗೆ ಯಾವ ನಾಟಕದ ಕಥೆಯಾದರೂ ಹೇಳಬಹುದು, ಮಳವಲಿ ದಾಟುವಷ್ಟರಲ್ಲಿ ಪಾತ್ರ ಪರಿಚಯ ಮುಗಿದಿರುತ್ತದೆ. (ಮಳವಲಿಯಲ್ಲಿ ಒಂದು ದಿನ ಇಳಿದು ಭಾಜೆಯ ಗುಹೆಗಳನ್ನೂ ತೋರಿಸಿ. ಎರಡು ಸಾವಿರ ವರ್ಷಕ್ಕೂ ಹಳೆಯ ಆ ಕೆತ್ತನೆಯಲ್ಲಿ ಒಬ್ಬಳು ವಾದ್ಯ ನುಡಿಸುತ್ತಿದ್ದಾಳೆ, ಇನ್ನೊಬ್ಬಳು ಕುಣಿಯುತ್ತಿದ್ದಾಳೆ. ಪುಣೆ ಹಾದಿಯ ಅತಿ ಹಳೆಯ ರಂಗಪ್ರಯೋಗ ಅದೇ ಇರಬೇಕು.) ಮಾತಿಗಿಂತ ಹಾಡು ಹೆಚ್ಚಿರುವ ಸಂಗೀತ ನಾಟಕ ಆರಿಸಿದರೆ ಭಾಷೆ ಅಷ್ಟು ಅಡ್ಡಿಯಾಗದು. ಅವರು ಕನ್ನಡದಲ್ಲಿ ಓದಿರುವ ಅಥವಾ ನೋಡಿರುವ ನಾಟಕವಾದರೆ ಇನ್ನೂ ಒಳ್ಳೆಯದು. ಇಲ್ಲೇ ಹತ್ತಿರದ ಮಾಥೇರಾನಿನಲ್ಲಿ 1938ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ ‘ತುಘಲಕ್’, ‘ಹಯವದನ’ ಮರಾಠಿಯಲ್ಲಿ ಎಂದೋ ಮನೆಮಾತಾಗಿವೆ. ಮರಾಠಿ ನಾಟಕಕಾರ ತೆಂಡೂಲ್ಕರರ ನಾಟಕಗಳು ಕನ್ನಡದಲ್ಲಿ ಸಿಗುತ್ತವೆ.

ಮಕ್ಕಳ ವಿಷಯದಲ್ಲಿ ಎರಡೇ ಮಾತು. ನಾಲ್ಕು ವರ್ಷದ ಮಗು ಕೌಟುಂಬಿಕ ನಾಟಕದ ಎರಡೂವರೆ ಗಂಟೆ ಸುಮ್ಮನೆ ಕೂರಬೇಕೆಂದು ಬಯಸುವುದು ಮಗುವಿಗೇ ಅನ್ಯಾಯ. ದೀಪಾವಳಿ, ಬೇಸಿಗೆ ರಜೆಯಲ್ಲಿ ಪುಣೆಯಲ್ಲಿ ಬಾಲನಾಟ್ಯಗಳಾಗುತ್ತವೆ. ಅಲ್ಲಿ ಮಕ್ಕಳು ಕೂಗಬಹುದು, ರಾಕ್ಷಸನಿಗೆ ಬೈಯಬಹುದು, ಎದ್ದು ಓಡಬಹುದು.

ಮುಖ್ಯ ಅತಿಥಿಗಳ ದಾರಿ ಕಾಯುತ್ತ

ಪ್ರೇಕ್ಷಕರನ್ನೇ ಬೈಯುತ್ತ ಕೂತರೆ ಸಂಘಟಕರು ಬಚಾವಾಗುತ್ತಾರೆ. ಹವ್ಯಾಸಿ ಕನ್ನಡ ನಾಟಕಗಳಲ್ಲಿ, ಬೆಂಗಳೂರಾಗಲಿ ಮುಂಬೈಯಾಗಲಿ, ನಾಟಕಕ್ಕಿಂತ ಮುಂಚಿನ ಸಭೆಯೇ ದೊಡ್ಡ ಕಾಟ. ಆರಕ್ಕೆ ಎಂದು ಕರೆದು ಏಳಕ್ಕೆ ಮುಖ್ಯ ಅತಿಥಿ ಬಂದು, ಸ್ವಾಗತ, ದೀಪ, ಪ್ರಾರ್ಥನೆ, ಹನ್ನೊಂದು ಮಂದಿಗೆ ಶಾಲು–ಹಾರ, ಒಬ್ಬೊಬ್ಬರದೂ ‘ಎರಡೇ ಮಾತು’. ಎಂಟಕ್ಕೆ ನಾಟಕ ಶುರುವಾಗುವಷ್ಟರಲ್ಲಿ ಪ್ರೇಕ್ಷಕ ಫೋನು ತೆಗೆದು ಆಡಲು ಕಲಿತುಬಿಟ್ಟಿರುತ್ತಾನೆ. ಅವನಿಗೆ ಆ ಅಭ್ಯಾಸ ಮಾಡಿಸಿದವರು ವೇದಿಕೆಯ ಮೇಲಿದ್ದವರೇ. ಮುಂದಿನ ಸೋಫಾದಲ್ಲಿ ಕೂತ ಅತಿಥಿಗಳು ಹತ್ತು ನಿಮಿಷ ನೋಡಿ, ನಮಸ್ಕಾರ ಮಾಡುತ್ತ ಎದ್ದು ಹೋಗುತ್ತಾರೆ. ಅವರ ಹಿಂದೆ ಕಾರಿನವರೆಗೆ ಬಿಡಲು ಸಮಿತಿಯ ಐವರು. ಅಷ್ಟಕ್ಕೂ ನಿಲ್ಲದೆ, ಅಡ್ಡ ನಿಲ್ಲಿಸಿದ ಕಾರಿನ ನಂಬರನ್ನು ದೃಶ್ಯದ ನಡುವೆ ಮೈಕಿನಲ್ಲಿ ಹೇಳುವುದನ್ನೂ ಕೇಳಿದ್ದೇನೆ.

ಸಂಘಗಳ ಪದಾಧಿಕಾರಿಗಳಿಗೆ ಮನವಿ: ಸನ್ಮಾನವನ್ನು ನಾಟಕ ಮುಗಿದ ಮೇಲಿಡಿ, ನಿಜವಾದ ಅಭಿಮಾನಿಗಳು ಉಳಿದೇ ಉಳಿಯುತ್ತಾರೆ. ಉಚಿತ ಪ್ರವೇಶವಿದ್ದರೂ ಸೀಟಿಗೆ ನಂಬರು ಹಾಕಿ. ಇಲ್ಲದಿದ್ದರೆ ಒಬ್ಬರು ಬಂದು ಆರು ಕುರ್ಚಿಗೆ ಕರ್ಚೀಫು, ಪರ್ಸು, ಪತ್ರಿಕೆ ಹಾಸಿ ಕೂರುತ್ತಾರೆ, ಉಳಿದ ಐವರು ಮೊದಲ ಅಂಕದ ನಡುವೆ ಬರುತ್ತಾರೆ. ಬಾಗಿಲಲ್ಲಿ ಇಬ್ಬರು ಸ್ವಯಂಸೇವಕರನ್ನು ನಿಲ್ಲಿಸಿ, ತಡವಾದವರನ್ನು ದೃಶ್ಯ ಬದಲಾವಣೆಯವರೆಗೆ ತಡೆಯಿರಿ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ಗೆ ಹೋಗಿ ನೋಡಿದವರಿಗೆ ಗೊತ್ತು, ನಾಟಕದ ಬಗ್ಗೆ ಮಾತು ಬೇಕಾದಷ್ಟು ನಡೆಯುತ್ತದೆ, ಆದರೆ ಶಿಬಿರದಲ್ಲಿ ಮಾರನೆಯ ದಿನ ಚರ್ಚೆಗೆ ಕೂತಾಗ. 1985ರಿಂದ ಊರೂರು ಸುತ್ತುವ ಅದರ ತಿರುಗಾಟ ಹೈಸ್ಕೂಲು ಅಂಗಳದಲ್ಲೂ ಆಡಿದೆ. ಒಳ್ಳೆಯ ಪ್ರೇಕ್ಷಕವರ್ಗಕ್ಕೆ ಏಸಿ ಹಾಲ್ ಬೇಕಿಲ್ಲ.

ಪಕ್ಕದವರಿಗೆ ಹೇಳುವುದು ಹೇಗೆ

‘ಶ್ಶ್’ ಎನ್ನಬೇಡಿ. ಅದು ಮೂಲ ಸದ್ದಿಗಿಂತ ದೂರ ಹೋಗುತ್ತದೆ, ಕೇಳಿದವರಿಗೆ ಅವಮಾನವೂ ಆಗುತ್ತದೆ, ಆಮೇಲೆ ಅವರು ಹಟಕ್ಕೇ ಮಾತಾಡುತ್ತಾರೆ. ಮೊದಲು ಅವರ ಕಡೆ ಒಮ್ಮೆ ತಿರುಗಿ ನೋಡಿ, ಅರ್ಧದಷ್ಟು ಜನಕ್ಕೆ ಅಷ್ಟು ಸಾಕು. ಸಾಲದಿದ್ದರೆ ಬಗ್ಗಿ, ತಗ್ಗಿದ ದನಿಯಲ್ಲಿ, ಒಂದೇ ಸಲ. ಪುಣೆಯಲ್ಲಾದರೆ ವಯಸ್ಸಿಗೆ ತಕ್ಕಂತೆ ‘ದಾದಾ’, ‘ಕಾಕಾ’, ‘ಕಾಕೂ’ ಎಂದು ಶುರು ಮಾಡಿ, ‘ಜರಾ ಫೋನ್ ಬಂದ್ ಕರಾ ನಾ’ ಎಂದರೆ ಮುಗಿಯಿತು. ನಮ್ಮವರಿಗೆ ‘ಅಣ್ಣಾ, ಸ್ವಲ್ಪ ಬೆಳಕು ಕಣ್ಣಿಗೆ ಹೊಡೀ­ತದೆ’ ಎನ್ನಿ. ತಪ್ಪು ಅವರದೆನ್ನದೆ ತೊಂದರೆ ನಮ್ಮದೆಂದು ಹೇಳಿದರೆ ಜನ ಬೇಗ ಒಪ್ಪುತ್ತಾರೆ. ಆಗಲೂ ನಿಲ್ಲದಿದ್ದರೆ ಮಧ್ಯಂತರದವರೆಗೆ ಸಹಿಸಿ, ಬಾಗಿಲಿನವರಿಗೆ ತಿಳಿಸಿ, ಖಾಲಿ ಸೀಟಿದ್ದರೆ ಬದಲಿಸಿಕೊಳ್ಳಿ. ಕುಡಿದು ಬಂದವರ ಜೊತೆ ವಾದಕ್ಕಿಳಿಯಬೇಡಿ. 2023ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ‘ದಿ ಬಾಡಿಗಾರ್ಡ್’ ಸಂಗೀತ ನಾಟಕದ ಕೊನೆಯ ಹಾಡಿಗೆ ಪ್ರೇಕ್ಷಕರು ನಟಿಗಿಂತ ಜೋರಾಗಿ ದನಿಗೂಡಿಸಿ, ಸಿಬ್ಬಂದಿಯೊಡನೆ ಜಗಳವಾಗಿ, ಪೊಲೀಸರು ಬಂದು, ಪ್ರಯೋಗವೇ ಅಲ್ಲಿಗೆ ನಿಂತಿತು. ಇಷ್ಟು ದೂರ ನಮ್ಮಲ್ಲಿನ್ನೂ ಬಂದಿಲ್ಲ.

ನಗುವ, ಅಳುವ ವಿಷಯದಲ್ಲಿ ಸಂಕೋಚ ಬೇಡ. ಕೆಲವರು ದುಃಖದ ದೃಶ್ಯದಲ್ಲಿ ಕಿಸಕ್ಕೆಂದು ನಗುವುದು ಮುಜುಗರದಿಂದ, ಅದಕ್ಕೆ ಯಾರೂ ಮದ್ದು ಕೊಡಲಾರರು. ಚಪ್ಪಾಳೆಯನ್ನು ಮಾತ್ರ ಮಾತಿನ ಕೊನೆಯ ಪದ ಮುಟ್ಟುವವರೆಗೆ ಹಿಡಿದುಕೊಳ್ಳಿ. ಅವಸರದ ಚಪ್ಪಾಳೆಯಲ್ಲಿ ಎಷ್ಟೋ ನಾಟಕದ ಒಳ್ಳೆಯ ಸಾಲು ಮುಳುಗಿಹೋಗಿದೆ.

ನಾಟಕ ಮುಗಿದು ಕಲಾವಿದರು ಸಾಲಾಗಿ ಬಂದು ನಿಂತಾಗ ಚಪ್ಪಲಿ ಹುಡುಕಬೇಡಿ. ಸಂಜೆಯ ಆಟಕ್ಕೆ ಬಂದಿದ್ದರೆ ರೈಲಿಗೆ ಇನ್ನೂ ಹೊತ್ತಿದೆ. ಎದ್ದು ಚಪ್ಪಾಳೆ ತಟ್ಟಿ, ಆಮೇಲೆ ರಂಗದ ಹಿಂದಕ್ಕೆ ಹೋಗಿ. ಪುಣೆಯಲ್ಲಿ ಪ್ರಯೋಗದ ನಂತರ ಪ್ರೇಕ್ಷಕರು ಒಳಗೆ ಹೋಗಿ ಕಲಾವಿದರನ್ನು ಕಂಡು ಮಾತಾಡುವ ರೂಢಿ ಇದೆ. ಹಿಡಿಸಿದ್ದನ್ನೂ ಹಿಡಿಸದ್ದನ್ನೂ ಮುಖಾಮುಖಿ ಹೇಳಿ. ಫೋನು ಆನ್ ಮಾಡಿ ‘ಒಂದು ಫೋಟೊ ತೆಗೆಯಲೇ?’ ಎಂದು ಕೇಳಬೇಕಾದ್ದು ಅಲ್ಲಿ.